ಶಿವಮಲ್ಲಮ್ಮ ಕೇಳದಿದ್ದ ಪ್ರಶ್ನೆ

2024ರ ಜುಲೈ ತಿಂಗಳಲ್ಲಿ ನಾನು ಚಾಮರಾಜನಗರದ ಕಾನೂನು ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ನನ್ನ ಪಾಲಿಗೆ ಬಂದಿದ್ದ ವಿಷಯದ ಹೆಸರು ‘ಕಾನೂನು ಸಂಶೋಧನೆ ಮತ್ತು ಸಂವಹನ ಕೌಶಲ’. ಹೆಸರು ದೊಡ್ಡದಾದರೂ ಕೆಲಸವನ್ನು ಮೂರು ಮಾತಿನಲ್ಲಿ ಹೇಳಬಹುದು. ಒಬ್ಬರು ಬಂದು ತಮ್ಮ ಕಷ್ಟ ಹೇಳಿಕೊಂಡಾಗ, ಅದರೊಳಗೆ ಕಾನೂನು ಉತ್ತರಿಸಬಹುದಾದ ಪ್ರಶ್ನೆ ಯಾವುದು ಎಂದು ಗುರುತಿಸಬೇಕು. ಉತ್ತರ ಯಾವ ಕಾಯ್ದೆಯಲ್ಲಿದೆ, ಯಾವ ತೀರ್ಪಿನಲ್ಲಿದೆ ಎಂದು ಹುಡುಕಬೇಕು. ಸಿಕ್ಕಿದ್ದನ್ನು ಬಂದವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮೊದಲನೆಯದನ್ನು ನಮ್ಮ ವೃತ್ತಿಯಲ್ಲಿ ‘ಇಶ್ಯೂ’ ಎನ್ನುತ್ತೇವೆ. ಇಶ್ಯೂ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ.

ಕಾಲೇಜಿನಲ್ಲಿ ಈ ವಿಷಯಕ್ಕೆ ಅಂಥ ಮರ್ಯಾದೆ ಇರಲಿಲ್ಲ. ಇದಕ್ಕೆ ದೊಡ್ಡ ಪರೀಕ್ಷೆಯಿಲ್ಲ, ಆಂತರಿಕ ಅಂಕಗಳಷ್ಟೆ. ಸಂವಿಧಾನ, ಅಪರಾಧ ಕಾನೂನು ಕಲಿಸುವವರ ಸುತ್ತ ಸದಾ ಹುಡುಗರಿರುತ್ತಿದ್ದರು. ನನ್ನ ಮೇಜಿನ ಹತ್ತಿರ ಬರುತ್ತಿದ್ದವರು ಅಂಕ ಕೇಳಲು ಬಂದವರು. ನಾನು ತಿಪಟೂರಿನ ಕಡೆಯವನು, ಈ ಊರಿಗೆ ಬಂದು ಒಂಬತ್ತು ವರ್ಷವಾಗಿತ್ತು. ರೈಲ್ವೆ ನಿಲ್ದಾಣದ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಹೆಂಡತಿ ದಾವಣಗೆರೆಯಲ್ಲಿ ತನ್ನ ಅಕ್ಕನ ಜೊತೆ ಇದ್ದಳು. ಜಗಳವಾಡಿ ಹೋದವಳಲ್ಲ. ಒಮ್ಮೆ ಹೋದವಳು ಬರುವ ದಿನವನ್ನು ಮುಂದೂಡುತ್ತ ಹೋದಳು, ನಾನೂ ಕರೆಯುವುದನ್ನು ಮುಂದೂಡುತ್ತ ಹೋದೆ. ಇಬ್ಬರೂ ಯಾವ ಕೋರ್ಟಿಗೂ ಹೋಗಲಿಲ್ಲ. ಸಂಜೆ ಮೈಸೂರಿನ ರೈಲು ಹೊರಟ ಮೇಲೆ ನಿಲ್ದಾಣ ಖಾಲಿಯಾಗುತ್ತಿತ್ತು. ಆ ಹೊತ್ತಿಗೆ ಪ್ಲಾಟ್‌ಫಾರಂ ಉದ್ದಕ್ಕೂ ಎರಡು ಸುತ್ತು ನಡೆದು, ಮೆಸ್ಸಿನಲ್ಲಿ ಊಟ ಮಾಡಿ ಮನೆಗೆ ಬರುವುದು ನನ್ನ ದಿನಚರಿ.

ಕಾಲೇಜಿನ ಕೆಲಸಗಳಲ್ಲಿ ನನಗೆ ಇಷ್ಟವಾದದ್ದು ಒಂದೇ. ತಿಂಗಳಿಗೊಂದು ಶನಿವಾರ ಕೊನೆಯ ವರ್ಷದ ಏಳೆಂಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋಗಿ ಉಚಿತ ಕಾನೂನು ಸಲಹಾ ಕೇಂದ್ರ ನಡೆಸುವುದು. ಒಂದು ಹಳೆಯ ಸಮುದಾಯ ಭವನದ ಪಕ್ಕದ ಕೋಣೆ, ಎರಡು ಮೇಜು, ಹತ್ತು ಕುರ್ಚಿ. ನಮ್ಮ ಜೊತೆ ಅಲ್ಲಿಯ ವಕೀಲರೊಬ್ಬರು ಕೂರುತ್ತಿದ್ದರು. ಐವತ್ತು ದಾಟಿದ, ಕೆಲಸ ಬಲ್ಲ, ಬಂದವರನ್ನು ಗದರದ ಮನುಷ್ಯ. ಬಂದವರ ಮಾತನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕು, ಕಾಲೇಜಿಗೆ ಮರಳಿ ಸಂಶೋಧನೆ ಮಾಡಿ ‘ಅಭಿಪ್ರಾಯ ಪತ್ರ’ ಬರೆಯಬೇಕು, ಮುಂದಿನ ತಿಂಗಳು ಅದನ್ನು ಅವರಿಗೆ ಓದಿ ಹೇಳಬೇಕು. ಇದಕ್ಕೆ ಇಪ್ಪತ್ತು ಅಂಕ.

ಆ ಜುಲೈ ಶನಿವಾರ ಶಿವಮಲ್ಲಮ್ಮ ಬಂದರು. ಇಲ್ಲಿಯ ಹೆಸರುಗಳನ್ನು ಬದಲಿಸಿದ್ದೇನೆ. ಗುಂಡ್ಲುಪೇಟೆಯಿಂದ ಕಾಡಿನ ಕಡೆಗೆ ಹೋಗುವ ರಸ್ತೆಯ ಬದಿಯ ಒಂದು ಹಳ್ಳಿಯವರು, ವಯಸ್ಸು ನಲವತ್ತರ ಆಸುಪಾಸು. ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ನೀಟಾಗಿ ಜೋಡಿಸಿ ತಂದಿದ್ದರು. ಗಂಡ ನಂಜುಂಡಸ್ವಾಮಿ ಲಾರಿ ಓಡಿಸುತ್ತಿದ್ದವರು. ಗುಂಡ್ಲುಪೇಟೆಯ ಮಾರುಕಟ್ಟೆಯಿಂದ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗಿ ಬರುವುದು ಅವರ ಕೆಲಸ. 2017ರ ಫೆಬ್ರವರಿಯಲ್ಲಿ ಒಂದು ದಿನ ಹಾಗೆ ಹೋದವರು ಬರಲಿಲ್ಲ. ಲಾರಿ ಮಾತ್ರ ಗಡಿಯಾಚೆ ಒಂದು ಪೆಟ್ರೋಲ್ ಬಂಕಿನ ಪಕ್ಕ ಸಿಕ್ಕಿತು, ಬೀಗ ಹಾಕಿತ್ತು, ಸರಕು ಇಳಿಸಿಯಾಗಿತ್ತು. ಶಿವಮಲ್ಲಮ್ಮ ಒಂದು ತಿಂಗಳು ಕಾದು ಪೊಲೀಸರಿಗೆ ಕಾಣೆಯಾದ ದೂರು ಕೊಟ್ಟಿದ್ದರು. ಪತ್ತೆಯಾಗಲಿಲ್ಲ ಎಂಬ ಹಿಂಬರಹ ಅವರ ಕವರಿನಲ್ಲಿತ್ತು.

ಈಗ ಬಂದಿದ್ದ ತೊಂದರೆ ಜಮೀನಿನದು. ಗಂಡನ ಹೆಸರಿನಲ್ಲಿ ಒಂದೂವರೆ ಎಕರೆ, ಅದರಲ್ಲೊಂದು ಕೊಳವೆ ಬಾವಿ. ಅಣ್ಣತಮ್ಮಂದಿರ ಪಾಲುಪಟ್ಟಿ ಹಿಂದೆಯೇ ನೋಂದಣಿಯಾಗಿತ್ತು. ಏಳು ವರ್ಷದಿಂದ ಶಿವಮಲ್ಲಮ್ಮನೇ ಅದರಲ್ಲಿ ಅರಿಸಿನ, ಚೆಂಡುಹೂ ಬೆಳೆಯುತ್ತಿದ್ದರು. ಆ ವರ್ಷ ಗಂಡನ ಅಣ್ಣ ಮೋಟರ್ ಮನೆಗೆ ತನ್ನ ಬೀಗ ಹಾಕಿ, ತಮ್ಮ ಬಂದು ಕೇಳಲಿ, ನೀನ್ಯಾರು ಎಂದಿದ್ದ. ತಾಲ್ಲೂಕು ಕಚೇರಿಗೆ ಹೋದರೆ, ಖಾತೆ ನಿಮ್ಮ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣ ಪತ್ರ ತನ್ನಿ, ಇಲ್ಲವೇ ಖಾತೆದಾರರನ್ನೇ ಕರೆದುಕೊಂಡು ಬನ್ನಿ ಎಂದರಂತೆ. ಸತ್ತವರ ಖಾತೆ ವಾರಸುದಾರರಿಗೆ ವರ್ಗವಾಗುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ, ಅದಕ್ಕೆ ಸಾವಿನ ದಾಖಲೆ ಬೇಕೇ ಬೇಕು.

ವಕೀಲರು ಕಾಗದಗಳನ್ನು ನೋಡಿ ನನ್ನ ಕಡೆ ತಿರುಗಿದರು. ಏಳು ವರ್ಷ ತುಂಬಿದೆ, ನೇರವಾದ ಕೇಸು ಎಂದರು. ನನಗೂ ಹಾಗೇ ಕಂಡಿತು. ಹುಡುಗರ ಕಡೆ ನೋಡಿ ಇಶ್ಯೂ ಏನು ಎಂದು ಕೇಳಿದೆ. ಅವರ ಉತ್ತರಕ್ಕೆ ಕಾಯಲಿಲ್ಲ. ನಾನೇ ಹೇಳಿ ಬರೆಸಿದೆ: ಏಳು ವರ್ಷದಿಂದ ಕಾಣೆಯಾದ ವ್ಯಕ್ತಿ ಮೃತನೆಂದು ಘೋಷಣೆ ಪಡೆಯಲು ಹೆಂಡತಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೇ? ಶಿವಮಲ್ಲಮ್ಮ ಅಲ್ಲೇ ಕೂತಿದ್ದರು. ಅವರನ್ನು ನಾವು ಕೇಳಲಿಲ್ಲ.

ಬರೆಯುವ ಕೆಲಸವನ್ನು ಮಂಗಳಾಗೆ ಕೊಟ್ಟೆ. ಮಂಗಳಾ ಉಮ್ಮತ್ತೂರಿನ ಹುಡುಗಿ. ತಂದೆ ತಾಯಿ ಇಬ್ಬರೂ ಕೂಲಿಗೆ ಹೋಗುವವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಗಂಟೆ ಹೊಡೆಯುವ ಮುಂಚೆ ಗ್ರಂಥಾಲಯದಲ್ಲಿ ಕೂತಿರುತ್ತಿದ್ದಳು. ಮಾತು ಮಾತ್ರ ತೀರಾ ಕಡಿಮೆ. ಹಿಂದಿನ ಸೆಮಿಸ್ಟರಿನ ಅಣಕು ನ್ಯಾಯಾಲಯದಲ್ಲಿ ವಾದಕ್ಕೆ ನಿಂತವಳು ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಪೂರಾ ಒಂದು ನಿಮಿಷ ಸುಮ್ಮನಿದ್ದಳು. ಹಿಂದಿನ ಸಾಲಿನವರು ನಕ್ಕರು. ಸಂವಹನಕ್ಕೆ ನಾನು ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಗುಂಡ್ಲುಪೇಟೆಯ ಕೆಲಸ ಕೊಟ್ಟದ್ದು ಆ ನಾಲ್ಕನ್ನು ಸರಿದೂಗಿಸಿಕೊಳ್ಳಲಿ ಎಂದು.

ಅದೇ ಜುಲೈ ಒಂದರಿಂದ ಹೊಸ ಸಾಕ್ಷ್ಯ ಕಾನೂನು ಜಾರಿಗೆ ಬಂದಿತ್ತು. ನಮ್ಮ ಗ್ರಂಥಾಲಯದ ಕಪಾಟಿನಲ್ಲಿದ್ದವೆಲ್ಲ ಹಳೆಯ ಕಾಯ್ದೆಯ ಪುಸ್ತಕಗಳು. ಹಳೆಯದರ 108ನೇ ಕಲಂ ಹೊಸದರಲ್ಲಿ 111 ಆಗಿದೆ ಎಂದು ಮಂಗಳಾ ತಾನೇ ಹುಡುಕಿದಳು. ಕಲಂ ಹೇಳುವುದು ಇಷ್ಟು: ಒಬ್ಬ ವ್ಯಕ್ತಿ ಬದುಕಿದ್ದರೆ ಅವನ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರು ಏಳು ವರ್ಷದಿಂದ ಅವನ ಸುದ್ದಿಯನ್ನೇ ಕೇಳಿಲ್ಲವೆಂದಾದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಸಾಬೀತಾಗದಿದ್ದರೆ ನ್ಯಾಯಾಲಯ ಅವನನ್ನು ಮೃತನೆಂದು ಭಾವಿಸಬಹುದು. ಮಂಗಳಾ ಅಲ್ಲಿಗೆ ನಿಲ್ಲಿಸಲಿಲ್ಲ. ಕಾನೂನು ಸಾವನ್ನಷ್ಟೇ ಊಹಿಸುತ್ತದೆ, ಸತ್ತ ದಿನವನ್ನು ಊಹಿಸುವುದಿಲ್ಲ ಎಂಬುದನ್ನೂ ತೀರ್ಪುಗಳಲ್ಲಿ ಕಂಡು ಒಂದು ಪ್ಯಾರಾ ಸೇರಿಸಿದ್ದಳು. ಆರು ಪುಟದ ಅಭಿಪ್ರಾಯ ಪತ್ರ. ನಾನು ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಅಷ್ಟು ಅಂಕವನ್ನು ನಾನು ಕೊಡುತ್ತಿದ್ದದ್ದು ಅಪರೂಪ. ಕೆಳಗೆ ‘ಇದನ್ನೇ ಕನ್ನಡದಲ್ಲಿ, ಆಕೆಗೆ ಓದಿ ಹೇಳುವಂತೆ ಬರೆ’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಆಗಸ್ಟ್ ಶನಿವಾರ ಬಸ್ಸಿನಲ್ಲಿ ಹೋಗುವಾಗ ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು ಅರಳಿ ನಿಂತಿದ್ದವು. ಗುಂಡ್ಲುಪೇಟೆ ಹತ್ತಿರವಾದಂತೆ ಕೇರಳದ ನೋಂದಣಿಯ ಕಾರುಗಳು ಸಾಲಾಗಿ ನಿಂತಿದ್ದವು, ಜನ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಂಗಳಾ ಕನ್ನಡದ ಎರಡು ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು.

ಶಿವಮಲ್ಲಮ್ಮ ನಮಗಿಂತ ಮುಂಚೆ ಬಂದು ಕೂತಿದ್ದರು. ಮಂಗಳಾ ಎದುರು ಕುರ್ಚಿ ಬಿಟ್ಟು ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ವಕೀಲರೂ ನಾನೂ ಮೇಜಿನ ಈಚೆ. ಅವಳು ನಿಧಾನವಾಗಿ ಓದಿದಳು. ಕೋರ್ಟು ವಿಚಾರಣೆ ಮಾಡಿ, ನಿಮ್ಮ ಯಜಮಾನರು ತೀರಿಕೊಂಡಿದ್ದಾರೆ ಎಂದು ಭಾವಿಸಿ ಆದೇಶ ಕೊಡಬಹುದು, ಅದರ ಮೇಲೆ ಮರಣ ಪತ್ರ, ಆಮೇಲೆ ಖಾತೆ, ಎಂಬಲ್ಲಿಗೆ ಬಂದಾಗ ಶಿವಮಲ್ಲಮ್ಮ ಕೈ ಎತ್ತಿ ತಡೆದರು.

“ಯಾವತ್ತು ಸತ್ರು ಅಂತ ಬರ್ದಾರು ಅದ್ರಲ್ಲಿ?”

ಮಂಗಳಾ ನನ್ನ ಕಡೆ ನೋಡಲಿಲ್ಲ. “ದಿನ ಬರೆಯಲ್ಲ ಕಣಕ್ಕ. ಅದು ಕಾನೂನಿಗೂ ಗೊತ್ತಾಗಲ್ಲ” ಎಂದಳು.

“ದಿನ ಇಲ್ದೆ ಸತ್ತೋರು ಇದ್ದಾರವ್ವ?” ಎಂದರು ಶಿವಮಲ್ಲಮ್ಮ. ಆಮೇಲೆ, ಬರುವ ಪಿತೃಪಕ್ಷದಲ್ಲಿ ಹಿರಿಯರ ಜೊತೆ ಅವರಿಗೂ ಎಡೆ ಇಡಬೇಕಾಗುತ್ತದೆಯೇ ಎಂದು ಕೇಳಿದರು. ಅದು ಕೋರ್ಟು ಹೇಳುವ ವಿಷಯವಲ್ಲ ಎಂದು ವಕೀಲರು ಮೃದುವಾಗಿ ಹೇಳಿದರು. ಶಿವಮಲ್ಲಮ್ಮ ತಲೆಯಾಡಿಸಿ, ಮುಂದೆ ಓದು ಎಂಬಂತೆ ಮಂಗಳಾಳ ಮೊಣಕೈ ಮುಟ್ಟಿದರು.

ಮುಂದಿನದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬೇಕಾದ ಮಾತುಗಳು. ‘2017ರ ಫೆಬ್ರವರಿಯಿಂದ ಈವರೆಗೆ ನನ್ನ ಗಂಡನಿಂದಾಗಲಿ, ಅವರ ಬಗ್ಗೆಯಾಗಲಿ ಯಾವ ಸುದ್ದಿಯೂ ನನಗೆ ಬಂದಿಲ್ಲ.’

“ಇದ ಇನ್ನೊಂದ್ಸಲ ಓದು” ಎಂದರು ಶಿವಮಲ್ಲಮ್ಮ.

ಮಂಗಳಾ ಮತ್ತೆ ಓದಿದಳು.

“ಒಂದು ಫೋನು ಬಂದಿತ್ತು” ಎಂದರು.

ಅದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಮಗಳಿಗೆ ಕೂಡ. ಲಾಕ್‌ಡೌನ್ ಸಡಿಲವಾದ ವರ್ಷ, 2020ರ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹಲೋ ಅಂದರು. ಆ ಕಡೆ ಮಾತಿಲ್ಲ. ಆದರೆ ಯಾರೋ ಇದ್ದಾರೆ ಎಂದು ತಿಳಿಯುತ್ತಿತ್ತು, ಹಿಂದೆ ದೊಡ್ಡ ಗಾಡಿಗಳು ಹೋಗುವ ಸದ್ದು. ಅವರು ಯಾರು ಎಂದು ಕೇಳಲಿಲ್ಲ. ಮಗಳು ಮೈನೆರೆದದ್ದನ್ನು ಹೇಳಿದರು. ಹಸು ಕರು ಹಾಕಿದ್ದನ್ನು ಹೇಳಿದರು. ನಿಮ್ಮ ಅವ್ವನಿಗೆ ಕಣ್ಣು ಕಾಣುವುದಿಲ್ಲ ಈಗ ಎಂದು ಹೇಳಿದರು. ಆ ಕಡೆಯವರು ಇಡಲೂ ಇಲ್ಲ, ಮಾತಾಡಲೂ ಇಲ್ಲ. ಮಾತು ಮುಗಿದ ಮೇಲೆ ಕರೆ ನಿಂತಿತು. ಮತ್ತೆ ಮಾಡಿದರೆ, ಫೋನು ಸ್ವಿಚ್ ಆಫ್ ಆಗಿದೆ ಎಂದು ಒಂದು ಹೆಣ್ಣು ದನಿ ಮಲಯಾಳಂನಲ್ಲಿ ಹೇಳಿತು. ಮರುದಿನವೂ ಅದೇ. ಆಮೇಲೆ ಆ ನಂಬರೇ ಇಲ್ಲವಾಯಿತು.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆ ವಕೀಲರು ಹೇಳಿದ್ದರಲ್ಲಿ ಮೋಸವೇನೂ ಇರಲಿಲ್ಲ. ಹೆಸರು ಹೇಳಲಿಲ್ಲ, ದನಿ ಕೇಳಲಿಲ್ಲ, ನಂಬರು ಯಾರದೆಂದು ಗೊತ್ತಿಲ್ಲ; ಕಾನೂನಿನ ಪ್ರಕಾರ ಅದು ಸುದ್ದಿಯೇ ಅಲ್ಲ, ಅದನ್ನು ದಾವೆಯಲ್ಲಿ ಬರೆದು ಕೆಡಿಸಿಕೊಳ್ಳುವುದು ಬೇಡ ಎಂದರು. ನನಗೂ ಕಾನೂನು ಹಾಗೇ ತೋರಿತು. ಮಾತಿಲ್ಲದ ಕರೆಯನ್ನು ಸುದ್ದಿ ಎಂದು ಯಾವ ನ್ಯಾಯಾಧೀಶರೂ ಎಣಿಸುವ ಸಂಭವ ಕಡಿಮೆ ಎಂದು ವಕೀಲರ ಮಾತಿಗೆ ದನಿಗೂಡಿಸಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಂಗಳಾ ಕಾಗದ ಮಡಚಿ ಪಕ್ಕಕ್ಕಿಟ್ಟಳು.

“ಅಕ್ಕ, ಪ್ರಮಾಣ ಮಾಡೋರು ನೀವು. ಅದು ಅವ್ರೇನಾ?”

ಕೇಳಿ ಸುಮ್ಮನಾದಳು.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಇನ್ನೊಂದು ಮೇಜಿನಲ್ಲಿ ಯಾರೋ ಪಡಿತರ ಚೀಟಿಯ ಬಗ್ಗೆ ವಿಚಾರಿಸುತ್ತಿದ್ದರು. ಶಿವಮಲ್ಲಮ್ಮ ತಮ್ಮ ಬೆರಳುಗಳನ್ನು ನೋಡುತ್ತ ಕೂತರು. ಅರಿಸಿನದ ಹಳದಿ ಉಗುರಿನ ಅಂಚಿನಲ್ಲಿ ನಿಂತಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಪಾಠ ಮಾಡುವವರಿಗೆ ಮೌನವೆಂದರೆ ಆಗುವುದಿಲ್ಲ. ಯಾರಾದರೂ ಸುಮ್ಮನಾದರೆ ನಾವು ಉತ್ತರವನ್ನು ಬಾಯಿಗೆ ಇಟ್ಟುಬಿಡುತ್ತೇವೆ. ನಾನು ಎರಡು ಸಲ ಮಾತಾಡಲು ಹೊರಟೆ, ಎರಡು ಸಲವೂ ಮಂಗಳಾಳ ಮುಖ ನೋಡಿ ತಡೆದೆ. ಅವಳು ಹೆದರಿ ಸುಮ್ಮನಿದ್ದಂತೆ ಕಾಣಲಿಲ್ಲ. ಆ ಹೆಂಗಸಿಗೆ ಬೇಕಾದಷ್ಟು ಹೊತ್ತು ಕೊಡುತ್ತಿದ್ದಳು.

“ಅವ್ರೇ ಕಣವ್ವ” ಎಂದರು ಶಿವಮಲ್ಲಮ್ಮ. “ಉಸಿರು ಗೊತ್ತಾಗಲ್ವ ನಂಗೆ? ಅನ್ನೆರಡು ವರ್ಸ ಪಕ್ಕದಲ್ಲಿ ಮಲಗಿದ್ದೋಳು. ಬದ್ಕಿರೋರ್ನ ಸತ್ರು ಅಂತ ಯಂಗೇಳನ?”

ಈ ಮಾತಿನೊಂದಿಗೆ ನಮ್ಮ ಆರು ಪುಟ ಮುಗಿಯಿತು. ಆಕೆ ಆ ಕರೆ ಗಂಡನದೇ ಎಂದು ನಂಬಿದ್ದಾರೆ. ಸುದ್ದಿ ಬಂದಿಲ್ಲ ಎಂದು ಆಣೆಯಿಟ್ಟು ಹೇಳಿಸಿದರೆ ಅದು ಸುಳ್ಳು ಸಾಕ್ಷ್ಯ. ಆ ಕರೆಯಿಂದ ಎಣಿಸಿದರೆ ಏಳು ವರ್ಷ ತುಂಬುವುದು 2027ರ ಸೆಪ್ಟೆಂಬರಿಗೆ. ವಕೀಲರು ಬೇಸರದಿಂದ, ಹಾಗಾದರೆ ಈಗ ಏನೂ ಮಾಡಲು ಬರುವುದಿಲ್ಲ ಎಂದರು. ಶಿವಮಲ್ಲಮ್ಮ ಕಾಗದಗಳನ್ನು ಕವರಿಗೆ ಸೇರಿಸಿ ಎದ್ದರು. ಅವರ ಮುಖದಲ್ಲಿ ನಿರಾಸೆಗಿಂತ ಹೆಚ್ಚಾಗಿ ಏನೋ ಇಳಿಸಿಟ್ಟ ಹಗುರ ಇತ್ತು, ಹಾಗೆಂದು ನನಗೆ ಕಂಡಿತು. ನಾಲ್ಕು ವರ್ಷ ಒಬ್ಬರೇ ಇಟ್ಟುಕೊಂಡಿದ್ದ ಮಾತು ಅದು.

ಬಾಗಿಲ ಹತ್ತಿರ ಮಂಗಳಾ ಅವರನ್ನು ನಿಲ್ಲಿಸಿದಳು. ಅವಳು ಕೇಳಿದ್ದು ನನಗೆ ಕೇಳಿಸಿತು. “ಅಕ್ಕ, ಖಾತೆ ಗೀತೆ ಬುಡಿ. ಈಗ ನಿಮ್ಗೆ ಏನ್ ಬೇಕು?”

“ನಂಗ್ಯಾವ ಖಾತೆ ಬೇಕವ್ವ. ಆ ಮೋಟರ್ ಮನೆ ಬೀಗ ತೆಗ್ಸುದ್ರೆ ಸಾಕು. ಅರಿಸಿನ ಒಣಗ್ತಾ ಅದೆ.”

ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ಮಂಗಳಾ ನನ್ನ ಪಕ್ಕ ಬಂದು ಕೂತಳು. ಅದು ಮೊದಲ ಸಲ. ಸಾ, ಆವಮ್ಮ ಸಾವಿನ ಪತ್ರ ಬೇಕು ಅಂತ ನಮ್ಮನ್ನ ಕೇಳಲೇ ಇಲ್ಲ ಅಲ್ವ ಎಂದಳು. ನಾನು ಹೌದು ಅಂದೆ. ಅದು ತಾಲ್ಲೂಕು ಕಚೇರಿಯವರ ಪ್ರಶ್ನೆ ಎಂದಳು. ಅದಕ್ಕೂ ಹೌದು ಅಂದೆ. ಅದನ್ನು ಇಶ್ಯೂ ಎಂದು ಬರೆಸಿದವರು ಯಾರು ಎಂಬುದನ್ನು ಅವಳು ಹೇಳಲಿಲ್ಲ.

ಮರುದಿನ ಭಾನುವಾರ. ಇಡೀ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇದ್ದೆ. ಉತ್ತರ ಪತ್ರಿಕೆಗಳನ್ನು ನೋಡಲು ಕೂತರೆ ಮನಸ್ಸು ನಿಲ್ಲಲಿಲ್ಲ. ಆ ಹೆಂಗಸು ಮಾತಾಡದ ಫೋನಿಗೆ ಹಸು ಕರು ಹಾಕಿದ್ದನ್ನು ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಮೊಬೈಲಿನಲ್ಲಿ ದಾವಣಗೆರೆಯ ನಂಬರು ತೆರೆದು ನೋಡಿದೆ. ಕೊನೆಯ ಕರೆ ಯುಗಾದಿಯದು, ಒಂದೂವರೆ ನಿಮಿಷ. ನನಗೆ ಹೇಳಲು ಏನಿದೆ ಎಂದು ಯೋಚಿಸಿದೆ. ಮೆಸ್ಸಿನವನು ಅಡಿಗೆಯವರನ್ನು ಬದಲಿಸಿದ್ದಾನೆ ಎಂಬುದೊಂದೇ ಹೊಳೆಯಿತು. ಫೋನು ಮಾಡಲಿಲ್ಲ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ, ನಡೆದದ್ದನ್ನು ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ನಾನು ಗ್ರಂಥಾಲಯಕ್ಕೆ ಹೋದಾಗ ಮಂಗಳಾ ಆಗಲೇ ಅಲ್ಲಿದ್ದಳು. ಈ ಸಲ ಅವಳು ಹುಡುಕುತ್ತಿದ್ದದ್ದು ಸಾವಿನ ಕಾನೂನನ್ನಲ್ಲ, ಸ್ವಾಧೀನದ ಕಾನೂನನ್ನು. ಜಮೀನನ್ನು ವಾಸ್ತವದಲ್ಲಿ ಹಿಡಿದು ಉಳುತ್ತಿರುವುದಕ್ಕೆ ಸ್ವಾಧೀನ ಎನ್ನುತ್ತಾರೆ. ಕಾನೂನುಬದ್ಧ ಸ್ವಾಧೀನದಲ್ಲಿರುವವರಿಗೆ, ಹಕ್ಕಿಲ್ಲದ ಮೂರನೆಯವರು ಅಡ್ಡಿ ಮಾಡಿದರೆ, ಅಡ್ಡಿ ಮಾಡಕೂಡದೆಂದು ನ್ಯಾಯಾಲಯ ನಿರ್ಬಂಧಕಾಜ್ಞೆ ಕೊಡಬಹುದು. ವಕೀಲರ ಬಾಯಲ್ಲಿ ಇದು ಇಂಜಂಕ್ಷನ್. ಖಾತೆ ಹೆಂಡತಿಯ ಹೆಸರಿನಲ್ಲಿ ಇರಬೇಕಾಗಿಲ್ಲ. ಗಂಡ ಬದುಕಿದ್ದಾನೋ ಇಲ್ಲವೋ ಎಂದು ತೀರ್ಮಾನವಾಗಬೇಕಾಗಿಲ್ಲ. ಗಂಡ ಇಲ್ಲದಾಗ ಅವನ ಹೊಲವನ್ನು ಹೆಂಡತಿ ಏಳು ವರ್ಷದಿಂದ ಉಳುತ್ತಿದ್ದಾಳೆ, ಅಣ್ಣನಿಗೆ ಪಾಲುಪಟ್ಟಿಯ ನಂತರ ಅದರಲ್ಲಿ ಹಕ್ಕಿಲ್ಲ ಎಂಬುದನ್ನು ತೋರಿಸಿದರೆ ಸಾಕು. ಇಷ್ಟು ಹಳೆಯ, ಇಷ್ಟು ಸಾಮಾನ್ಯವಾದ ಪರಿಹಾರ ಅದು. ಮೂವತ್ತು ವರ್ಷ ವೃತ್ತಿಯಲ್ಲಿದ್ದ ವಕೀಲರಿಗೂ ನನಗೂ ಹೊಳೆಯದೇ ಹೋದದ್ದು ಕಾನೂನು ಗೊತ್ತಿರಲಿಲ್ಲವೆಂದಲ್ಲ. ಏಳು ವರ್ಷ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾವಿಬ್ಬರೂ ಬೇರೆಯದನ್ನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದೆವು.

ಹೊಸ ಅಭಿಪ್ರಾಯ ಪತ್ರ ಎರಡೇ ಪುಟ. ಅದಕ್ಕೆ ಅಂಕವಿರಲಿಲ್ಲ, ಕೊಡುವ ಕಾಲಂ ತುಂಬಿಯಾಗಿತ್ತು. ನಾನು ಅದನ್ನು ಗುಂಡ್ಲುಪೇಟೆಯ ವಕೀಲರಿಗೆ ಕಳಿಸಿದೆ. ಅವರು ಸಂಜೆಯೇ ಫೋನು ಮಾಡಿ, ನಿಮ್ಮ ಹುಡುಗಿಗೆ ಹೇಳಿ, ನಾನೇ ಉಚಿತವಾಗಿ ದಾವೆ ಹಾಕುತ್ತೇನೆ ಎಂದರು. ಸಾಕ್ಷ್ಯ ಒಟ್ಟುಮಾಡಲು ಮಂಗಳಾ ಒಂದು ವಾರದಲ್ಲಿ ಎರಡು ಸಲ ಆ ಹಳ್ಳಿಗೆ ಹೋಗಿಬಂದಳು. ಹೂವು ಕೊಂಡ ಕಂಪನಿಯವರು ಕೊಟ್ಟ ಚೀಟಿಗಳು, ಬೆಳೆಯ ಫೋಟೊಗಳು, ಪಕ್ಕದ ಹೊಲದ ಇಬ್ಬರ ಪ್ರಮಾಣ ಪತ್ರ. ಎರಡನೆಯ ಸಲ ನಾನೂ ಹೋಗಿದ್ದೆ. ಮೋಟರ್ ಮನೆಯ ಬಾಗಿಲಿಗೆ ಹೊಸ ಬೀಗ ಹೊಳೆಯುತ್ತಿತ್ತು. ಅರಿಸಿನದ ಎಲೆಗಳು ತುದಿಯಲ್ಲಿ ಕಂದಿದ್ದವು. ಭಾವ ದೂರದಲ್ಲೇ ನಿಂತು ನಮ್ಮನ್ನು ನೋಡಿದ. ಕುರುಡಾದ ಅತ್ತೆ ಮನೆಯ ಜಗಲಿಯಲ್ಲಿ ಕೂತು, ಬಂದವರು ಯಾರೆಂದು ಕೇಳಿದರು. ಕೋರ್ಟಿನ ಕಡೆಯವರು ಎಂದು ಶಿವಮಲ್ಲಮ್ಮ ಹೇಳಿದಾಗ, ಅವನ ಸುದ್ದಿ ಏನಾದರೂ ಬಂತಾ ಎಂದು ಮುದುಕಿ ಕೇಳಿದರು. ಯಾವ ಸುದ್ದಿಯೂ ಇಲ್ಲ ಎಂದು ಶಿವಮಲ್ಲಮ್ಮ ಉತ್ತರಿಸಿದರು. ಆಮೇಲೆ ನಮ್ಮ ಕಡೆ ನೋಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬನಿಗಾಗಿಯೇ ಕಾಯುತ್ತಿದ್ದರು, ಬೇರೆ ಬೇರೆಯಾಗಿ.

ದಾವೆಯ ಕರಡನ್ನು ಓದಿ ಹೇಳುವ ದಿನ ವಕೀಲರ ಕಚೇರಿಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ದಾವೆಯ ಮೊದಲ ಸಾಲಿನಲ್ಲಿ ವಾದಿಯ ಹೆಸರು, ವಯಸ್ಸು, ಗಂಡನ ಹೆಸರು ಬರೆಯಬೇಕು. ಟೈಪಿಸ್ಟು ಮರಣ ಘೋಷಣೆಗೆಂದು ಮೊದಲು ಮಾಡಿದ್ದ ಕರಡಿನಿಂದ ನಕಲು ಮಾಡಿ ‘ದಿವಂಗತ ನಂಜುಂಡಸ್ವಾಮಿಯವರ ಪತ್ನಿ’ ಎಂದು ಹೊಡೆದಿದ್ದರು. ಮಂಗಳಾ ಅದನ್ನು ಓದುವ ಮುಂಚೆಯೇ ಗಮನಿಸಿ, ಪೆನ್ನು ತೆಗೆದು ಮೊದಲ ಪದವನ್ನು ಹೊಡೆದುಹಾಕಿದಳು. ನಂತರ ಓದಿದಳು: “ಶಿವಮಲ್ಲಮ್ಮ, ನಂಜುಂಡಸ್ವಾಮಿಯವರ ಪತ್ನಿ.” ಶಿವಮಲ್ಲಮ್ಮ ಹೂಂ ಎಂದರು.

ನ್ಯಾಯಾಲಯ ಸೆಪ್ಟೆಂಬರಿನಲ್ಲಿ ತಾತ್ಕಾಲಿಕ ನಿರ್ಬಂಧಕಾಜ್ಞೆ ಕೊಟ್ಟಿತು. ದಾವೆ ಮುಗಿಯುವವರೆಗೆ ಆಕೆಯ ಸ್ವಾಧೀನಕ್ಕೆ, ಕೊಳವೆ ಬಾವಿಯ ಬಳಕೆಗೆ ಯಾರೂ ಅಡ್ಡಿಮಾಡಬಾರದು ಎಂದು ಅದರ ಸಾರ. ಭಾವನ ಕಡೆಯ ವಕೀಲರು, ನಂಜುಂಡಸ್ವಾಮಿ ಬದುಕಿಲ್ಲ, ಆದ್ದರಿಂದ ಕುಟುಂಬದವರಿಗೂ ಹಕ್ಕಿದೆ ಎಂದು ವಾದಿಸಿ ನೋಡಿದರು. ಹಾಗಾದರೆ ಸಾವಿಗೆ ಪುರಾವೆ ಏನು ಎಂದು ನ್ಯಾಯಾಧೀಶರು ಕೇಳಿದಾಗ ಅವರು ಆ ವಾದವನ್ನು ಅಲ್ಲಿಗೇ ಬಿಟ್ಟರು. ನಾಲ್ಕು ದಿನದಲ್ಲಿ ಬೀಗ ಹೋಯಿತು. ಅಷ್ಟರೊಳಗೆ ಅರಿಸಿನದ ಒಂದು ಭಾಗ ಹಾಳಾಗಿತ್ತು, ಉಳಿದದ್ದು ಚೇತರಿಸಿಕೊಂಡಿತು. ದಾವೆ ಇನ್ನೂ ನಡೆಯುತ್ತಿದೆ. ಸಂಧಾನದ ಮಾತೂ ಒಮ್ಮೆ ಬಂದು ನಿಂತಿದೆ. ಖಾತೆ ಇವತ್ತಿಗೂ ನಂಜುಂಡಸ್ವಾಮಿಯ ಹೆಸರಿನಲ್ಲೇ ಇದೆ. ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅವರು ಎಡೆ ಇಟ್ಟರೋ ಇಲ್ಲವೋ ನಾನು ಕೇಳಲಿಲ್ಲ, ಮಂಗಳಾ ಕೇಳಿದ್ದರೂ ನನಗೆ ಹೇಳಲಿಲ್ಲ.

ನಾನು ಮಂಗಳಾಳ ಹಳೆಯ ಅಂಕಪಟ್ಟಿಯನ್ನು ತಿದ್ದುವ ಹಾಗಿರಲಿಲ್ಲ. ಸಂವಹನಕ್ಕೆ ಕೊಟ್ಟಿದ್ದ ಆ ನಾಲ್ಕು ಅಂಕ ಹಾಗೇ ಉಳಿಯಿತು. ಅವಳನ್ನು ಕರೆದು, ಅದು ನನ್ನ ತಪ್ಪು ಎಂದು ಹೇಳಿದೆ. ಪರವಾಗಿಲ್ಲ ಬುಡಿ ಸಾ, ಅವತ್ತು ನಿಜಕ್ಕೂ ಉತ್ತರ ಗೊತ್ತಿರಲಿಲ್ಲ ಎಂದು ನಕ್ಕಳು. ಈಗ ಅವಳು ಚಾಮರಾಜನಗರದಲ್ಲೇ ಹಿರಿಯ ವಕೀಲೆಯೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದಾಳೆ. ಕೋರ್ಟಿನಲ್ಲಿ ಮಾತು ಈಗಲೂ ಕಡಿಮೆಯಂತೆ, ಕಕ್ಷಿಗಾರರು ಮಾತ್ರ ಅವಳನ್ನೇ ಕೇಳಿಕೊಂಡು ಬರುತ್ತಾರಂತೆ.

2025ರ ಜೂನಿನಲ್ಲಿ ನಾನು ನಿವೃತ್ತನಾದೆ. ಶಾಲು ಹೊದಿಸಿ ಫೋಟೊ ತೆಗೆದರು, ಮಧ್ಯಾಹ್ನ ಊಟ ಹಾಕಿಸಿದರು, ನಾಲ್ಕು ಗಂಟೆಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಬೇರೆಯವರ ಚೀಲ ಬಂದು ಕೂತಿತ್ತು. ಬೇರೆ ಊರಿಗೆ ಹೋಗಲು ಕಾರಣವಿಲ್ಲದ್ದರಿಂದ ಇಲ್ಲೇ ಇದ್ದೇನೆ. ಕೆಲವೊಮ್ಮೆ ಸಲಹಾ ಕೇಂದ್ರಕ್ಕೆ ನನ್ನನ್ನು ಕರೆಯುತ್ತಾರೆ. ಹೋದಾಗ ಹೊಸ ವಿದ್ಯಾರ್ಥಿಗಳಿಗೆ ಒಂದು ನಿಯಮ ಹೇಳುತ್ತೇನೆ. ಬಂದವರು ತಂದ ಕಾಗದಗಳನ್ನು ಮೊದಲ ಹತ್ತು ನಿಮಿಷ ಮುಟ್ಟಬಾರದು. ಕಾಗದದಲ್ಲಿರುವುದು ಕಚೇರಿಯವರ ಪ್ರಶ್ನೆ. ಎದುರು ಕೂತವರ ಪ್ರಶ್ನೆ ಅವರ ಬಾಯಲ್ಲಿರುತ್ತದೆ, ಎಷ್ಟೋ ಸಲ ಅದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ಬರುತ್ತದೆ. ಅಷ್ಟು ಹೊತ್ತು ಕಾಯಲು ಬರಬೇಕು.

ಹುಡುಗರು ಬರೆದುಕೊಳ್ಳುತ್ತಾರೆ. ಕಾನೂನನ್ನು ಹುಡುಕುವುದು ನಾನು ಅವರಿಗೆ ಕಲಿಸಬಲ್ಲೆ, ಚೆನ್ನಾಗಿಯೇ ಕಲಿಸಿದ್ದೇನೆ. ಇನ್ನೊಬ್ಬರ ಪಕ್ಕ ಕುರ್ಚಿ ಎಳೆದುಕೊಂಡು, ಒಂದೇ ಮಾತು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂರುವುದನ್ನು ನಾನು ಕಲಿತದ್ದು ಅರವತ್ತರ ಹತ್ತಿರ, ನನ್ನ ವಿದ್ಯಾರ್ಥಿಯಿಂದ. ಮೊದಲೇ ಕಲಿತಿದ್ದರೆ ಎಷ್ಟು ಜನರ ಮಾತು ನನ್ನ ಹತ್ತಿರ ಬಂದು ತಲುಪುತ್ತಿತ್ತೋ ಗೊತ್ತಿಲ್ಲ.